ಹಿಂದಿನ ಸೀಟಿನವರ ವಿಮೆ

ಈ ವಾರ ಚಿಕ್ಕಬಳ್ಳಾಪುರದ ವಿಮಾ ಏಜೆಂಟರೊಬ್ಬರ ಕಚೇರಿಯಲ್ಲಿ ಬೈಕಿನ ಪಾಲಿಸಿ ನವೀಕರಿಸಲು ಕುಳಿತಿದ್ದಾಗ ಕಿವಿಗೆ ಬಿದ್ದ ಪ್ರಶ್ನೆಯೊಂದು ಇನ್ನೂ ನನ್ನನ್ನು ಬಿಟ್ಟಿಲ್ಲ. ನನಗಿಂತ ಮೊದಲು ಬಂದಿದ್ದವರು ಹೂವಿನ ಬೆಳೆಗಾರರು. ಮಾರುಕಟ್ಟೆಯಲ್ಲಿ ಮೂಟೆ ಇಳಿಸಿ ನೇರವಾಗಿ ಬಂದಿದ್ದರಿಂದ ಅಂಗಿಯ ತೋಳಿಗೆ ಸೇವಂತಿಗೆಯ ಎಸಳುಗಳು ಅಂಟಿದ್ದವು. ಬೈಕ್ ಕೊಂಡಾಗ ಕಟ್ಟಿದ್ದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಬೈಕಿನಿಂದ ಬೇರೆಯವರಿಗಾದ ಹಾನಿಗಷ್ಟೇ ಪರಿಹಾರ ಕೊಡುವ ವಿಮೆ, ಮುಗಿಯುವುದರಲ್ಲಿತ್ತು. ಏಜೆಂಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಪೊಲೀಸ್‌ನೋರಿಗೆ ತೋರ್ಸೋಕೆ ಥರ್ಡ್ ಪಾರ್ಟಿ ಸಾಕು ಯಜಮಾನ್ರೇ” ಎಂದರು. ಬೆಳೆಗಾರರು ಕೇಳಿದರು: “ಹಿಂದ್ಗಡೆ ನಮ್ಮನೆಯೋರು ಕೂತ್ಕೊಳ್ತಾರಲ್ಲ ಸಾರ್, ಬಿದ್ರೆ ಅವ್ರಿಗೇನೂ ಬರಲ್ವಾ?”

ಬರುವುದಿಲ್ಲ. ಎದುರಿನ ವಾಹನದವರ ತಪ್ಪಾಗಿದ್ದರೆ ಆ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ಮಂಜಿನಲ್ಲಿ ಹಂಪ್ ಕಾಣದೆ ತಮ್ಮ ಬೈಕೇ ಉರುಳಿದರೆ, ಕಾನೂನಿಗೆ ಬೇಕಾದಷ್ಟೇ ಇರುವ ಥರ್ಡ್ ಪಾರ್ಟಿ ಪಾಲಿಸಿ ಹಿಂಬದಿ ಸವಾರರ ಹೊಣೆ ಹೊರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಥರ್ಡ್ ಪಾರ್ಟಿಯ ಜೊತೆಗೆ ಸ್ವಂತ ವಾಹನದ ಹಾನಿಯನ್ನೂ ಸೇರಿಸಿಕೊಂಡ ಪ್ಯಾಕೇಜ್ ಪಾಲಿಸಿಯಾದರೆ ಹೊರುತ್ತದೆ. ಮಾಲೀಕರೇ ಓಡಿಸುತ್ತಿದ್ದು ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅವರಿಗೆಂದೇ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದರಲ್ಲಿ ಹೆಂಡತಿಗೆ ಪಾಲಿಲ್ಲ. ಇಷ್ಟನ್ನು ಗಿರಾಕಿ ಕೇಳುವ ಮೊದಲೇ ಹೇಳಬೇಕಾದದ್ದು ಏಜೆಂಟರ ಕೆಲಸ. ಆ ಮನುಷ್ಯ ಮೋಸಗಾರರೇನಲ್ಲ, ಕಡಿಮೆ ದುಡ್ಡಿನಲ್ಲಿ ಕೆಲಸ ಮುಗಿಸಿಕೊಡುವುದೇ ಉಪಕಾರವೆಂದು ನಂಬಿದವರು. ಆದರೆ ವಿಮೆಯನ್ನು ದಂಡ ತಪ್ಪಿಸುವ ಚೀಟಿಯೆಂದು ಊರಿಗೆಲ್ಲ ಕಲಿಸಿದವರು ಇಂಥವರೇ ಎಂಬ ಸಿಟ್ಟು ನನಗಿದೆ.

“ಅವ್ರಿಗೇನೂ ಬರಲ್ವಾ?” ಎಂಬ ಮಾತು ಮಾರನೆಯ ಬೆಳಿಗ್ಗೆ ರಸ್ತೆಯಲ್ಲೂ ಜೊತೆಗೇ ಬಂತು. ಮಳೆಗಾಲ ಮುಗಿದು ಮಂಜು ಬೀಳತೊಡಗಿದರೆ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವ ಸವಾರರ ಸಾಲು ಶುರುವಾಗುತ್ತದೆ. ಜಾಕೆಟ್, ಗ್ಲೌಸ್, ಮೊಣಕಾಲಿನ ಪ್ಯಾಡ್, ಎಲ್ಲವೂ ಇರುತ್ತದೆ, ಅದು ಒಳ್ಳೆಯದೇ. ಅದೇ ಹೊತ್ತಿಗೆ ಅದೇ ಮಂಜಿನಲ್ಲಿ ಹೂವಿನ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಕಡೆಗೆ ಕಾಲು ಇಳಿಬಿಟ್ಟು, ತಲೆಗೆ ಸೆರಗನ್ನಷ್ಟೇ ಹೊದ್ದು ಕುಳಿತ ಹೆಂಗಸರೂ ಹೋಗುತ್ತಿರುತ್ತಾರೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರಲ್ಲಿ. ಹಿಡಿಕೆ, ಕಾಲೂರುವ ಕಂಬಿ, ಹಿಂಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಸೀರೆ ಗಾರ್ಡ್ ಇರಲೇಬೇಕೆಂದು ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೂ ಮನೆಯಲ್ಲಿ ಇರುವ ಒಂದು ಹೆಲ್ಮೆಟ್ ಯಾವಾಗಲೂ ಗಂಡಸಿನ ತಲೆಯ ಮೇಲೆಯೇ ಇರುತ್ತದೆ, ಇದನ್ನು ನಾನು ಒಪ್ಪಲಾರೆ.

ಬೆಳೆಗಾರರು ಕೊನೆಗೆ ಪ್ಯಾಕೇಜ್ ಪಾಲಿಸಿಯನ್ನೇ ಕೇಳಿದರು. ಸ್ವಂತ ವಾಹನದ ಹಾನಿಯ ವಿಮೆ ಮೊದಲ ವರ್ಷಕ್ಕೇ ನಿಂತುಹೋಗಿದ್ದರಿಂದ ಬೈಕನ್ನು ಪರಿಶೀಲಿಸಬೇಕೆಂದು ಏಜೆಂಟರು ಫೋಟೋ ತೆಗೆಯಲು ಹೊರಗೆ ಬಂದರು. ಹಿಂದಿನ ಟೈರಿನ ನಡುಭಾಗ ಪೂರ್ತಿ ಸವೆದು ನುಣುಪಾಗಿತ್ತು. ಸೀರೆ ಗಾರ್ಡಿನ ಕೆಳಗಿನ ಬೋಲ್ಟ್ ಇರಬೇಕಾದ ಕಡೆ ತಂತಿ ಸುತ್ತಿತ್ತು. ಇಬ್ಬರ ಭಾರದ ಜೊತೆಗೆ ಮೂಟೆಯ ಭಾರವನ್ನೂ ಹೊರುವ ಟೈರು ಇದು, ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ ಎಂದು ನಾನು ಹೇಳಿದೆ. ಅವರು ಬಗ್ಗಿ ಬೆರಳಿನಿಂದ ಸವರಿ ನೋಡಿ, ಇವತ್ತಿನ ಹೂವಿನ ದುಡ್ಡಿನಲ್ಲಿ ಟೈರು ಹಾಕಿಸಿ, ಇನ್ನೊಂದು ಹೆಲ್ಮೆಟ್ ತೆಗೆದುಕೊಂಡೇ ಊರಿಗೆ ಹೋಗುತ್ತೇನೆ ಎಂದರು.