ಮಾಂತ್ರಿಕರನ್ನು ಬೇಟೆಯಾಡುವ ಹಂತಕನನ್ನು ಹೇಗೆ ಕಟ್ಟಬೇಕು?

ದಾಳ ಹಾಕಿ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದವರು, ಅದರಲ್ಲೂ ಎರಡನೆಯದೋ ಮೂರನೆಯದೋ ಪಾತ್ರ ಕಟ್ಟಲು ಕುಳಿತವರು, ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಮಾಂತ್ರಿಕರನ್ನೇ ಬೇಟೆಯಾಡುವ ಹಂತಕನನ್ನು ಮಾಡಬೇಕೆಂದಿದ್ದೇನೆ, ಅತಿ ಹೆಚ್ಚು ಡ್ಯಾಮೇಜ್ (ಏಟಿನ ಹಾನಿ) ಯಾವ ಕ್ಲಾಸಿನಲ್ಲಿ (ಪಾತ್ರದ ವರ್ಗದಲ್ಲಿ) ಬರುತ್ತದೆ? ಡ್ಯಾಮೇಜಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದೇ ನನ್ನ ಉತ್ತರ ಶುರುವಾಗುತ್ತದೆ. ಮಾಂತ್ರಿಕನ ಬಲವೆಲ್ಲ ಇರುವುದು ಅವನ ಸರದಿಯಲ್ಲಿ. ಆ ಸರದಿ ಅವನ ಕೈಗೆ ಸಿಗದಂತೆ ಮಾಡುವ ಪಾತ್ರವನ್ನು ಕಟ್ಟಿದರೆ ಮಿಕ್ಕ ಕೆಲಸವನ್ನು ಸಾಧಾರಣವಾದ ಒಂದು ಚೂರಿಯೂ ಮಾಡುತ್ತದೆ.

ನಾನು ಮಾತನಾಡುತ್ತಿರುವುದು ಐದನೆಯ ಆವೃತ್ತಿಯ 2014ರ ನಿಯಮಗಳ ಬಗ್ಗೆ, ಏಕೆಂದರೆ ನಾವು ಇನ್ನೂ ಅದನ್ನೇ ಆಡುತ್ತೇವೆ. ಹೊಸಬರು ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡು ಕಳ್ಳಹೆಜ್ಜೆಯ ರೋಗ್ ಕ್ಲಾಸಿನ ಅಸ್ಯಾಸಿನ್ (ಹಂತಕ) ಶಾಖೆಯನ್ನು ಹಿಡಿಯುತ್ತಾರೆ. ಲೆಕ್ಕ ಹಾಕಿ ನೋಡೋಣ. ಶತ್ರುಗಳ ವಿವರವಿರುವ ಪುಸ್ತಕವಾದ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿರುವ ಸಾಮಾನ್ಯ ಮಾಂತ್ರಿಕನಿಗೆ, ಅಂದರೆ ‘ಮೇಜ್’ ಎಂಬ ಹೆಸರಿನವನಿಗೆ, 40 ಹಿಟ್ ಪಾಯಿಂಟ್ (ಜೀವದ ಅಂಕ). ಐದನೆಯ ಲೆವೆಲ್‌ನ ಅಸ್ಯಾಸಿನ್, ಡೆಕ್ಸ್‌ಟೆರಿಟಿ (ಚುರುಕು) 18 ಇಟ್ಟುಕೊಂಡು, ಅನಿರೀಕ್ಷಿತ ದಾಳಿಗೆ ಸಿಕ್ಕಿಬಿದ್ದವನಿಗೆ ರೇಪಿಯರ್ ಕತ್ತಿಯಿಂದ ತಿವಿದರೆ ಏಟು ತಾನಾಗಿಯೇ ಕ್ರಿಟಿಕಲ್ ಆಗುತ್ತದೆ, ಹಾನಿಯ ದಾಳಗಳು ಇಮ್ಮಡಿಯಾಗುತ್ತವೆ. ಎರಡು ಡಿ8 (ಎಂಟು ಮುಖದ ದಾಳ), ರೋಗ್‌ನ ವಿಶೇಷ ಏಟಾದ ಸ್ನೀಕ್ ಅಟ್ಯಾಕಿನ ಆರು ಡಿ6, ಮೇಲೆ ಡೆಕ್ಸ್‌ಟೆರಿಟಿಯ 4 ಸೇರಿ ಸರಾಸರಿ 34. ಮಾಂತ್ರಿಕನಲ್ಲಿ 6 ಉಳಿಯಿತು. ಆ ಆರು ಪಾಯಿಂಟ್ ಜೀವ ಇಟ್ಟುಕೊಂಡು ಅವನು ತನ್ನ ಸರದಿ ಬಂದಾಗ ಮಿಸ್ಟಿ ಸ್ಟೆಪ್ ಮಂತ್ರ ಹೇಳಿ 30 ಅಡಿ ಆಚೆ ಹಾರುತ್ತಾನೆ, ಮುಂದಿನ ಸುತ್ತಿನಲ್ಲಿ ನಿಮ್ಮ ಗುಂಪಿನ ನಡುವೆ ಫೈರ್‌ಬಾಲ್ ಬಿದ್ದಿರುತ್ತದೆ. ಏಳನೆಯ ಲೆವೆಲ್‌ಗೆ ಬರುವಷ್ಟರಲ್ಲಿ ಅದೇ ಏಟಿನ ಸರಾಸರಿ 41 ಆಗುತ್ತದೆ ನಿಜ, ಆದರೆ ಸರಾಸರಿಯನ್ನು ನಂಬಿ ಕತ್ತಲಲ್ಲಿ ಒಬ್ಬನೇ ಗೋಡೆ ಹತ್ತಿದವರ ಗತಿಯನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅದಕ್ಕಿಂತ ದೊಡ್ಡ ತೊಡಕು ಇನಿಶಿಯೇಟಿವ್‌ನದು, ಅಂದರೆ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ದಾಳದ್ದು. ಅನಿರೀಕ್ಷಿತ ದಾಳಿಗೆ ಸಿಕ್ಕಿಬಿದ್ದವನು ತನ್ನ ಮೊದಲ ಸರದಿಯಲ್ಲಿ ಏನೂ ಮಾಡಲಾರ, ಆದರೆ ಆ ಸರದಿ ಮುಗಿದ ಕ್ಷಣದಿಂದ ಅವನು ನಿಯಮದ ಪ್ರಕಾರ ಎಚ್ಚೆತ್ತವನೇ. ಅವನ ದಾಳ ನಿಮ್ಮ ದಾಳಕ್ಕಿಂತ ಹೆಚ್ಚು ತೋರಿಸಿತೆಂದರೆ ತಾನಾಗಿ ಬರಬೇಕಿದ್ದ ಕ್ರಿಟಿಕಲ್ ಹೋಯಿತು, ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಉಳಿಸಿಕೊಳ್ಳುವ ಅನುಕೂಲ) ಹೋಯಿತು, ಜೊತೆಗೆ ಶೀಲ್ಡ್ ಮಂತ್ರ ಹಾಕಿಕೊಳ್ಳಲು ಅವನ ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಪ್ರತಿಕ್ರಿಯಿಸುವ ಅವಕಾಶ) ಕೂಡ ಮರಳಿ ಬಂತು. ಆದ್ದರಿಂದಲೇ ಅಸ್ಯಾಸಿನ್ ಆಡುವವರಿಗೆ ನಾನು ಹೇಳುವ ಮೊದಲ ಫೀಟ್ (ಆಯ್ದುಕೊಳ್ಳುವ ವಿಶೇಷ ಕೌಶಲ) ಅಲರ್ಟ್; ಇನಿಶಿಯೇಟಿವ್‌ಗೆ ಸಿಗುವ 5ರ ಮುಂದೆ ವಿಷದ ಸೀಸೆಗಳೆಲ್ಲ ಅಲಂಕಾರ. (ಗುಂಪಿನಲ್ಲಿ ಸದ್ದು ಮಾಡುವ ಪ್ಲೇಟ್ ಕವಚ ತೊಟ್ಟ ಪ್ಯಾಲಡಿನ್ ಇದ್ದರೆ ಅವನನ್ನು ಒಂದು ಬೀದಿ ಹಿಂದೆಯೇ ನಿಲ್ಲಿಸಿ ಬನ್ನಿ.)

ಎರಡನೆಯದಾಗಿ ಎಲ್ಲರೂ ಕೇಳುವುದು ಮೇಜ್ ಸ್ಲೇಯರ್ ಫೀಟ್. ಹೆಸರೇ ಹಾಗಿರುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ. ಐದು ಅಡಿಯೊಳಗೆ ಯಾರಾದರೂ ಮಂತ್ರ ಹೇಳಿದರೆ ರಿಯಾಕ್ಷನ್ ಬಳಸಿ ಹೊಡೆಯಬಹುದು, ಮತ್ತು ಸ್ನೀಕ್ ಅಟ್ಯಾಕ್ ಸರದಿಗೆ ಒಂದು ಸಲ ಎಂದಿರುವುದರಿಂದ, ಪಕ್ಕದಲ್ಲಿ ಗೆಳೆಯನೊಬ್ಬ ನಿಂತಿದ್ದರೆ ಮಾಂತ್ರಿಕನ ಸರದಿಯಲ್ಲೂ ರೋಗ್‌ಗೆ ಅದು ಮತ್ತೊಮ್ಮೆ ಸಿಗುತ್ತದೆ. ಚೆನ್ನಾಗಿಯೇ ಇದೆ. ಆದರೆ ಆ ಏಟು ಬೀಳುವುದು ಮಂತ್ರ ಮುಗಿದ ಮೇಲೆ, ಮಿಸ್ಟಿ ಸ್ಟೆಪ್ ಹೇಳಿದವನು ಅಷ್ಟರಲ್ಲಿ ಅಲ್ಲಿರುವುದೇ ಇಲ್ಲ. ಈ ಫೀಟ್‌ನ ನಿಜವಾದ ಬೆಲೆ ಇರುವುದು ಯಾರೂ ಓದದ ಎರಡನೆಯ ಸಾಲಿನಲ್ಲಿ: ನಿಮ್ಮ ಏಟು ತಿಂದವನು ಕಾನ್ಸಂಟ್ರೇಷನ್ (ನಡೆಯುತ್ತಿರುವ ಮಂತ್ರದ ಮೇಲಿನ ಗಮನ) ಉಳಿಸಿಕೊಳ್ಳಲು ಡಿಸ್‌ಅಡ್ವಾಂಟೇಜ್‌ನಲ್ಲಿ ದಾಳ ಹಾಕಬೇಕು, ಅಂದರೆ ಎರಡು ದಾಳಗಳಲ್ಲಿ ಚಿಕ್ಕದೇ ಲೆಕ್ಕ. ಮೇಲೆ ಹೇಳಿದ ಮಾಂತ್ರಿಕನಿಗೆ ಸಣ್ಣ ಗಾಯವಾದರೂ ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬೇಕು. ಮಾಮೂಲಿಯಾಗಿ ಅದು ನೂರರಲ್ಲಿ 55 ಸಲ ಬೀಳುತ್ತದೆ, ಈ ಫೀಟ್ ಎದುರಿಗಿದ್ದರೆ 30 ಸಲ. ಫ್ಲೈ ಮಂತ್ರದಿಂದ ಗಾಳಿಯಲ್ಲಿ ತೇಲುತ್ತಿದ್ದವನು ನೆಲಕ್ಕೆ ಬೀಳುವ ಸದ್ದು ಕೇಳಿದವರಿಗೆ ಆ ವ್ಯತ್ಯಾಸ ಗೊತ್ತು. 2024ರ ಹೊಸ ಪುಸ್ತಕ ರಿಯಾಕ್ಷನ್ ಏಟನ್ನು ತೆಗೆದುಹಾಕಿ ಈ ಸಾಲನ್ನು ಉಳಿಸಿಕೊಂಡಿರುವುದು ನನಗೆ ಸರಿಯೆಂದೇ ಕಾಣುತ್ತದೆ.

ಇನ್ನು ನನ್ನ ಸ್ವಂತ ಆಯ್ಕೆ. ‘ಮಂತ್ರಕ್ಕಿಂತ ಉಗುಳೇ ಜಾಸ್ತಿ’ ಎಂದು ನಮ್ಮವರು ನಗೆಯಾಡುವುದುಂಟು. ಈ ಆಟದಲ್ಲಿ ಮಾತ್ರ ಬಾಯಿ ಕಟ್ಟಿದರೆ ಬಹುಪಾಲು ಮಂತ್ರಗಳೂ ಕಟ್ಟಿದಂತೆ. ಸೈಲೆನ್ಸ್ ಎಂಬ ಎರಡನೆಯ ಹಂತದ ಮಂತ್ರ 20 ಅಡಿ ತ್ರಿಜ್ಯದ ಗೋಳದೊಳಗೆ ಸದ್ದನ್ನೆಲ್ಲ ಅಳಿಸುತ್ತದೆ, ಅಲ್ಲಿ ನಿಂತು ಬಾಯಲ್ಲಿ ಹೇಳಬೇಕಾದ ಯಾವ ಮಂತ್ರವನ್ನೂ ಹೇಳಲಾಗುವುದಿಲ್ಲ, ಮಿಸ್ಟಿ ಸ್ಟೆಪ್ ಸಹಿತ. ಮಾಂಕ್ ಕ್ಲಾಸಿನ ವೇ ಆಫ್ ಶ್ಯಾಡೋ ಶಾಖೆ ಹಿಡಿದವರಿಗೆ ಇದು ಮೂರನೆಯ ಲೆವೆಲ್‌ನಲ್ಲಿ ಎರಡು ಕೀ ಪಾಯಿಂಟ್‌ಗೆ (ಮಾಂಕ್‌ನ ಶಕ್ತಿಯ ಅಂಕಕ್ಕೆ) ಸಿಗುತ್ತದೆ; ಐದನೆಯ ಲೆವೆಲ್‌ಗೆ ಏಟು ತಿಂದವನನ್ನು ಸ್ತಬ್ಧಗೊಳಿಸುವ ಸ್ಟನ್ನಿಂಗ್ ಸ್ಟ್ರೈಕ್ ಬರುತ್ತದೆ, ಅದು ಪರೀಕ್ಷಿಸುವುದು ಮಾಂತ್ರಿಕರಿಗೆ ಸಾಮಾನ್ಯವಾಗಿ ಕಡಿಮೆಯಿರುವ ಕಾನ್‌ಸ್ಟಿಟ್ಯೂಷನ್ನನ್ನು (ದೇಹದ ಗಟ್ಟಿತನವನ್ನು). ಹೆಸರಿನಲ್ಲಿ ಹಂತಕ ಇಲ್ಲದಿದ್ದರೂ ನನ್ನ ಲೆಕ್ಕದಲ್ಲಿ ಅಸ್ಯಾಸಿನ್‌ಗಿಂತ ಒಳ್ಳೆಯ ಹಂತಕ ಇವನೇ.

ಸೈಲೆನ್ಸ್ ಹಾಕುವಾಗ ಎರಡು ಎಚ್ಚರ ಬೇಕು. ಬೇರೆಯವರ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್‌ನ ವ್ಯಾಪ್ತಿ 60 ಅಡಿ, ಸೈಲೆನ್ಸ್‌ನದು 120, ಆದ್ದರಿಂದ ದೂರ ನಿಂತು ಹಾಕಿ ಆಮೇಲೆ ಓಡಿ. ಮತ್ತು ಮಾಂತ್ರಿಕನಿಗೆ ಕಾಲಿದೆ; ಗೋಳದಿಂದ ಸುಮ್ಮನೆ ನಡೆದು ಹೊರಬರಬಲ್ಲ. ನಮ್ಮ ಭಾನುವಾರದ ಆಟದಲ್ಲಿ ಒಬ್ಬಳು ಇದನ್ನು ಮರೆತು ಎರಡು ಸುತ್ತು ವ್ಯರ್ಥ ಮಾಡಿಕೊಂಡಳು. ಮೂರನೆಯ ಸುತ್ತಿನಲ್ಲಿ ಫೈಟರ್ ಆಡುತ್ತಿದ್ದವನು ಕತ್ತಿ ಬಿಸಾಡಿ ಮಾಂತ್ರಿಕನನ್ನು ತಬ್ಬಿ ಹಿಡಿದ ಮೇಲೆಯೇ ಬೇಟೆ ಮುಗಿದದ್ದು.

ಕೊನೆಗೆ ಉಳಿಯುವುದು ಪಾತ್ರದ ಕಥೆ. ಬಹಳ ಜನ ‘ನನ್ನ ಕುಟುಂಬವನ್ನು ಮಾಂತ್ರಿಕರು ಕೊಂದರು, ಎಲ್ಲ ಮಾಂತ್ರಿಕರನ್ನೂ ದ್ವೇಷಿಸುತ್ತೇನೆ’ ಎಂದು ಬರೆದು ತರುತ್ತಾರೆ, ಎದುರಿಗೆ ಕುಳಿತ ಗೆಳತಿ ವಿಜರ್ಡ್ ಆಡುತ್ತಿದ್ದಾಳೆ ಎಂಬುದನ್ನು ನೋಡುವುದೇ ಇಲ್ಲ. ದ್ವೇಷಕ್ಕೆ ಒಂದು ಹೆಸರು ಕೊಡಿ: ಒಬ್ಬ ಗುರು, ಒಂದು ಗೋಪುರ, ಸತ್ತವರನ್ನು ಎಬ್ಬಿಸುವ ಒಂದು ಪಂಥ. ಕ್ಯಾಂಪೇನಿನಲ್ಲಿ ಮಾಂತ್ರಿಕ ಶತ್ರುಗಳು ಎಷ್ಟು ಬರುತ್ತಾರೆಂದು ಆಟ ನಡೆಸುವ ಡಿಎಂ ಅವರನ್ನು ಮೊದಲೇ ಕೇಳಿಕೊಳ್ಳುವುದೂ ಒಳ್ಳೆಯದು. ತಿಂಗಳುಗಟ್ಟಲೆ ತೋಳಗಳ ಜೊತೆಯಲ್ಲೇ ಹೊಡೆದಾಡಬೇಕಾದರೆ ಮೇಜ್ ಸ್ಲೇಯರ್ ಹಾಳೆಯ ಮೇಲೆ ನಿದ್ದೆ ಮಾಡುತ್ತಿರುತ್ತದೆ.

ಗುಂಪಿನ ವಿಜರ್ಡ್ ಜೊತೆ ಜಗಳವಾಡಲೇಬೇಕೆಂದಿದ್ದರೆ ಆಡಿ, ಆದರೆ ಗೋಪುರದ ಬಾಗಿಲಿಗೆ ಹೋಗುವ ಮುನ್ನ ಯಾರ ಕಣ್ಣಿಗೂ ಕಾಣದಂತೆ ಮಾಡುವ ಇನ್ವಿಸಿಬಿಲಿಟಿ ನಿಮಗೆ ಅವಳಿಂದ ಬೇಕಾಗುತ್ತದೆ. ಅದು ಸ್ಪರ್ಶದಿಂದ ಹಾಕುವ ಮಂತ್ರ. ಮಾಂತ್ರಿಕರೆಂದರೆ ಮೈ ಉರಿಯುವ ನಿಮ್ಮ ಹಂತಕ ಅವಳ ಮುಂದೆ ಕೈ ಚಾಚಿ ನಿಲ್ಲಬೇಕು, ಅವಳು ಮುಟ್ಟುವವರೆಗೆ.