ಕರ್ಜನ್ ಮನೆಗೆ ಬಿಜಾಪುರದವರು

ನಾಟಿಂಗ್‌ಹ್ಯಾಮ್‌ನ ಅಕ್ಕನ ಮನೆಯಲ್ಲಿ ಒಂದು ವಾರ ಇದ್ದೆ. ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಮಾಮಾ ಕೇಳಿದರು, "ಇವತ್ತ ಎಲ್ಲಿಗೆ ಹೋಗೂಣು ಹೇಳಪಾ." ಕೆಡಲ್‌ಸ್ಟನ್ ಹಾಲ್‌ಗೆ ಅಂದೆ. ಅದು ಯಾರ ಮನೆ ಅಂದಳು ಅಕ್ಕ. ಲಾರ್ಡ್ ಕರ್ಜನ್‌ದು ಅಂದೆ.

"ಬಂಗಾಲ ಒಡದಾಂವಾ? ಅವನ ಮನಿ ನೋಡಾಕ ರೊಕ್ಕ ಕೊಟ್ಟು ಹೋಗಬೇಕೇನೋ ತಮ್ಮಾ?"

ಬೈದುಕೊಂಡೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

ನನಗೆ ಬೇರೆ ಕಾರಣ ಇತ್ತು. ನಮ್ಮೂರು ಬಿಜಾಪುರ. ಈಗ ವಿಜಯಪುರ, ಆದರೆ ಬಾಯಿಗೆ ಹಳೆಯದೇ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಒಂದು ಮಸೀದಿ ಡಾಕ್ ಬಂಗಲೆ ಆಗಿತ್ತು, ಇನ್ನೊಂದು ಪೋಸ್ಟ್ ಆಫೀಸ್ ಆಗಿತ್ತು. ಎರಡನ್ನೂ ಅಲ್ಲಿಂದ ಎಬ್ಬಿಸಿದ್ದು ವೈಸ್‌ರಾಯ್ ಕರ್ಜನ್. 1904ರಲ್ಲಿ ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕಾಯ್ದೆ ತಂದಾಗ ಬಿಜಾಪುರದ ಹೆಸರು ಹೇಳಿಯೇ ಈ ಮಾತು ಆಡಿದ್ದಾನೆ. ಮರುವರ್ಷ ಬಂಗಾಳ ಒಡೆದ. ಕಲ್ಲಿನ ಮೇಲೆ ಇಷ್ಟು ಅಕ್ಕರೆ ಇದ್ದವನಿಗೆ ಜನ ಯಾಕೆ ಕಾಣಲಿಲ್ಲ? ಹುಟ್ಟಿದ ಮನೆ ನೋಡಿದರೆ ಏನಾದರೂ ಗೊತ್ತಾದೀತು ಅಂತ ನನ್ನ ಆಸೆ.

ಡಾರ್ಬಿ ಊರು ದಾಟಿ ಸ್ವಲ್ಪ ದೂರ ಹೋದರೆ ಕೆಡಲ್‌ಸ್ಟನ್. ಗೇಟು ದಾಟಿದ ಮೇಲೂ ಮನೆ ಕಾಣುವುದಿಲ್ಲ. ಹುಲ್ಲುಗಾವಲು, ಕುರಿಗಳು, ಕೆರೆ, ಕೆರೆಗೊಂದು ಕಲ್ಲಿನ ಸೇತುವೆ. ಆಮೇಲೆ ಒಮ್ಮೆಗೇ ಮನೆ. ಮಾಮಾ ಕಾರು ನಿಧಾನ ಮಾಡಿ, "ಇದು ಮನಿ ಅಲ್ಲ, ಡಿಸಿ ಆಫೀಸು" ಅಂದರು.

ಅವರು ಹೇಳಿದ್ದು ಪೂರ್ತಿ ತಮಾಷೆ ಅಲ್ಲ. 1803ರಲ್ಲಿ ಮುಗಿದ ಕಲ್ಕತ್ತಾದ ಗವರ್ನಮೆಂಟ್ ಹೌಸ್‌ಗೆ ಇದೇ ಮನೆ ಮಾದರಿ. ನಡುವೆ ದೊಡ್ಡ ಕಟ್ಟಡ, ನಾಲ್ಕು ಮೂಲೆಗೆ ನಾಲ್ಕು ಸಣ್ಣ ಕಟ್ಟಡ ಅಂತ ನಕ್ಷೆ. ಇಲ್ಲಿ ಎರಡೇ ಎದ್ದವು. ಕಲ್ಕತ್ತಾದಲ್ಲಿ ನಾಲ್ಕೂ ಎದ್ದವು! 1899ರಲ್ಲಿ, ನಲವತ್ತು ತುಂಬುವ ಹೊತ್ತಿಗೆ, ಕರ್ಜನ್ ಆ ಮನೆಗೆ ವೈಸ್‌ರಾಯ್ ಆಗಿ ಹೋದ. ಅಪ್ಪನ ಮನೆಯ ನಕಲಿನಲ್ಲಿ ಕೂತು ಒಂದು ದೇಶ ಆಳುವುದು ಎಷ್ಟು ಜನರ ಹಣೆಯಲ್ಲಿ ಬರೆದಿರುತ್ತದೆ?

ಒಳಗೆ ಹೋದರೆ ಮಾರ್ಬಲ್ ಹಾಲ್. 20 ಕಂಬಗಳು. ಹತ್ತಿರ ಹೋದರೆ ಕಲ್ಲಿನಲ್ಲಿ ಕಂದು ಗೆರೆ, ಕೆನೆ ಬಣ್ಣದ ಗೆರೆ, ಮಾಂಸದ ತುಂಡಿನ ಹಾಗೆ. ಇದೇ ಸೀಮೆಯ ಅಲಬಾಸ್ಟರ್ ಅಂತೆ. ವಾಸ್ತುಶಿಲ್ಪಿ ರಾಬರ್ಟ್ ಆಡಂ 18ನೇ ಶತಮಾನದಲ್ಲಿ ಮಾಡಿದ ಕೆಲಸ. ಅದರ ಹಿಂದೆ ಗುಮ್ಮಟದ ಗುಂಡು ಕೋಣೆ. ಅಕ್ಕ ಮೇಲೆ ನೋಡಿ ಸಣ್ಣಗೆ "ಓ" ಅಂದಳು. ಗೋಳಗುಮ್ಮಟದ ಅಭ್ಯಾಸ. ಇಲ್ಲಿ ಯಾರೂ ತಿರುಗಿ "ಓ" ಅನ್ನಲಿಲ್ಲ.

ಉಳಿದ ಕೋಣೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಟ, ನೀಲಿ ಪರದೆ, ಚಿನ್ನದ ಬಣ್ಣದ ಸೋಫಾ. ಒಂದು ಹೊತ್ತಿನ ಮೇಲೆ ಎಲ್ಲಾ ಒಂದೇ.

ಇಷ್ಟು ದೊಡ್ಡ ಮನೆಯಲ್ಲಿ ಮಕ್ಕಳು ಬೆಳೆದ ಬಗೆ ಮಾತ್ರ ಬೇರೆ. ಅಪ್ಪ ಬ್ಯಾರನ್, ಜೊತೆಗೆ ಇಲ್ಲಿನ ಚರ್ಚಿನ ಪಾದ್ರಿ. ಮನೆ ತುಂಬಾ ಮಕ್ಕಳು, ಹಿರಿಯ ಮಗ ಜಾರ್ಜ್, ಅವನೇ ಮುಂದೆ ಲಾರ್ಡ್ ಕರ್ಜನ್. ಅವರನ್ನು ನೋಡಿಕೊಂಡವಳು ಮಿಸ್ ಪ್ಯಾರಮನ್ ಅನ್ನುವ ಶಿಕ್ಷಕಿ. ಹೊಡೆಯುವುದು, ಕತ್ತಲೆಯಲ್ಲಿ ಕೂಡಿಹಾಕುವುದು ಸಾಮಾನ್ಯ. ಚೂಪು ಟೋಪಿಯ ಮೇಲೆ ಸುಳ್ಳ, ಚಾಡಿಕೋರ, ಹೇಡಿ ಅಂತ ಬರೆಸಿ, ಅದನ್ನು ತೊಡಿಸಿ ಜನರ ಎದುರು ನಡೆಸುತ್ತಿದ್ದಳು. ಒಮ್ಮೆ ಜಾರ್ಜ್‌ನಿಂದ ಬಟ್ಲರ್‌ಗೆ ಚೀಟಿ ಬರೆಸಿದಳು: ನನ್ನನ್ನು ಹೊಡೆಯಲು ಒಂದು ಬೆತ್ತ ಮಾಡಿಕೊಡು ಅಂತ. ಹುಡುಗ ತನ್ನ ಕೈಯಿಂದಲೇ ಬರೆಯಬೇಕಿತ್ತು. ಇದನ್ನೆಲ್ಲ ದೊಡ್ಡವನಾದ ಮೇಲೆ ಅವನೇ ಹೇಳಿಕೊಂಡಿದ್ದಾನೆ.

"ತಾಯಿ ಎಲ್ಲಿದ್ದಳೋ?" ಅಂದಳು ಅಕ್ಕ. ತಾಯಿ ಇದೇ ಮನೆಯಲ್ಲಿದ್ದಳು. ಅವನಿಗೆ ಹದಿನಾರು ಆದಾಗ ತೀರಿಕೊಂಡಳು. ಹರೆಯದಲ್ಲೇ ಅವನ ಬೆನ್ನು ಕೆಟ್ಟಿತು, ಬದುಕಿಡೀ ಪಟ್ಟಿ ಬಿಗಿದುಕೊಂಡೇ ಓಡಾಡಿದ. ಸೆಟೆದು ನಿಲ್ಲುವುದು ನೋಡಿ ಜನ ಸೊಕ್ಕು ಅಂದರು. ಸೊಕ್ಕೂ ಇತ್ತು ಬಿಡಿ.

ನಾವು ಜಾಸ್ತಿ ಹೊತ್ತು ನಿಂತದ್ದು ಕೆಳಗಿನ ಮ್ಯೂಸಿಯಂನಲ್ಲಿ. ಪರ್ಷಿಯಾ, ಭಾರತ, ಚೀನಾ ಅಂತ ಏಷ್ಯಾ ತಿರುಗಿ ಅವನು ತಂದ ಸಾಮಾನೆಲ್ಲ ಅಲ್ಲಿದೆ. ದಂತದ ಕೆಲಸ, ಬೆಳ್ಳಿ, ಕತ್ತಿ. ನಡುವೆ ಮಂದ ಬೆಳಕಿನಲ್ಲಿ ಗಾಜಿನ ಹಿಂದೆ ಒಂದು ಗೌನು. ಹೆಂಡತಿ ಮೇರಿಯದು.

ಮೇರಿ ಅಮೆರಿಕದವಳು. ಶಿಕಾಗೋದ ದೊಡ್ಡ ಅಂಗಡಿ ವ್ಯಾಪಾರಿ ಲೆವಿ ಲೈಟರ್‌ನ ಮಗಳು. 1895ರಲ್ಲಿ ಮದುವೆ. ಹುಡುಗನ ಕಡೆ ಮನೆತನ, ಹುಡುಗಿಯ ಕಡೆ ರೊಕ್ಕ. ನಮ್ಮಲ್ಲಿ ಗೊತ್ತಿಲ್ಲದ ಸಂಗತಿಯೇನಲ್ಲ, ಅಲ್ವಾ? ಆದರೆ ಇಬ್ಬರಿಗೂ ನಿಜವಾಗಿ ಪ್ರೀತಿ ಇತ್ತು.

ಎಡ್ವರ್ಡ್ ದೊರೆ ಪಟ್ಟಕ್ಕೆ ಬಂದದ್ದನ್ನು ಮೆರೆಸಲು ಕರ್ಜನ್ ನಡೆಸಿದ 1903ರ ದೆಹಲಿ ದರ್ಬಾರ್‌ನಲ್ಲಿ, ಕೆಂಪುಕೋಟೆಯ ನೃತ್ಯಕೂಟಕ್ಕೆ ಆಕೆ ಉಟ್ಟ ಗೌನು ಇದು. ಬಟ್ಟೆಯ ಮೇಲೆ ಜರ್ದೋಸಿ ಕೆಲಸ ಮಾಡಿದ್ದು ನಮ್ಮ ಕಸೂತಿಯವರು. ಅದು ಪ್ಯಾರಿಸ್‌ನ ವರ್ತ್ ಅಂಗಡಿಗೆ ಹೋಗಿ, ಅಲ್ಲಿ ಹೊಲಿಗೆಯಾಗಿ ಮತ್ತೆ ಬಂತು. ಅಡಿಯಿಂದ ಮುಡಿಯವರೆಗೆ ಒಂದರ ಮೇಲೊಂದು ನವಿಲುಗರಿ. ಪ್ರತಿ ಗರಿಯ ಕಣ್ಣಿನಲ್ಲಿ ಹಸಿರು ಹೊಳಪು. ಮೊದಲು ಕಲ್ಲು ಅಂದುಕೊಂಡೆ. ಬಗ್ಗಿ ನೋಡಿದರೆ ಹುಳದ ರೆಕ್ಕೆಯ ಚಿಪ್ಪು. ಸಣ್ಣವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಜಾಲಿ ಎಲೆ ಹಾಕಿ ಜೀರ್ಜಿಂಬೆ ಸಾಕುತ್ತಿದ್ದೆವಲ್ಲ, ಅಂಥದೇ ಹಸಿರು. ಬೆಳ್ಳಿ ಬಂಗಾರದ ಎಳೆ ಈಗ ಕಪ್ಪಾಗಿದೆ. ಚಿಪ್ಪು ಮಾತ್ರ ನಿನ್ನೆ ಅಂಟಿಸಿದ ಹಾಗಿದೆ.

"ತೂಕ ಎಷ್ಟೋ?"

"ನಾಲ್ಕೂವರೆ ಕಿಲೋ."

"ಯವ್ವಾ! ಇದನ್ನ ಹಾಕ್ಕೊಂಡು ಕುಣಿಯೂದ ಹ್ಯಾಂಗ?"

ನನಗೆ ಬೇರೆ ಲೆಕ್ಕ ತಲೆಯಲ್ಲಿತ್ತು. ದರ್ಬಾರ್‌ಗೆ ಮೂರ್ನಾಲ್ಕು ವರ್ಷ ಹಿಂದೆ, 1899-1900ರಲ್ಲಿ, ಮುಂಬೈ ಪ್ರಾಂತ್ಯದ ಕಡೆ ಭೀಕರ ಬರ. ಬರದ ಕೆಲಸಕ್ಕೆ ಕೈ ಬಿಚ್ಚಿ ಖರ್ಚು ಮಾಡಬೇಡಿ ಅಂದದ್ದು ಇದೇ ಕರ್ಜನ್. ಅದರ ಬೆನ್ನಿಗೇ ಈ ಮೆರವಣಿಗೆ ಯಾಕೆ ಅಂತ ಕಾಂಗ್ರೆಸ್ಸಿನವರು ಆಗಲೇ ಕೇಳಿದ್ದರು. ಗೌನು ಚಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗಾಜಿನ ಮುಂದೆ ನನಗೆ ಎರಡೂ ಒಟ್ಟಿಗೇ ಕಂಡವು.

ಕರ್ಜನ್, ಮೇರಿಗೆ ಮೂರು ಹೆಣ್ಣುಮಕ್ಕಳು. ಹಿರಿಯವಳು ಐರೀನ್, 1958ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಆಜೀವ ಸದಸ್ಯರಾಗಿ ಬಂದ ಮೊದಲ ನಾಲ್ಕು ಹೆಂಗಸರಲ್ಲಿ ಒಬ್ಬಳು. ನಡುವಿನವಳು ಸಿಂಥಿಯಾ, ಮುಂದೆ ಫ್ಯಾಸಿಸ್ಟ್ ನಾಯಕನಾದ ಆಸ್ವಾಲ್ಡ್ ಮೋಸ್ಲಿಯನ್ನು ಮದುವೆಯಾದಳು. ಕಿರಿಯವಳ ಹೆಸರಿನಲ್ಲಿ ಶಿಮ್ಲಾ ಪಕ್ಕದ ನಾಲ್‌ದೇರಾ ಸೇರಿದೆ: ಅಲೆಕ್ಸಾಂಡ್ರಾ ನಾಲ್‌ದೇರಾ. ಗಂಡುಮಗು ಆಗಲಿಲ್ಲ. ಹಾಗಾಗಿ ಈ ಮನೆ ಕೊನೆಗೆ ಹೋದದ್ದು ತಮ್ಮನ ಮಗನಿಗೆ. ಈಗ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ.

"ಕರ್ಜನ್ ಹಿಡಿದದ್ದನ್ನು ಕರ್ಜನ್ನೇ ಹಿಡಿದಿರಲಿ" ಅನ್ನುವುದು ಈ ಮನೆತನದ ಘೋಷವಾಕ್ಯ. ಅವನ ಕೈಯಲ್ಲಿ ಎಷ್ಟು ನಿಂತಿತು? ಬಂಗಾಳದ ವಿಭಜನೆ 1911ರಲ್ಲಿ ರದ್ದಾಯಿತು. 1923ರಲ್ಲಿ ಲಂಡನ್‌ಗೆ ಕರೆ ಬಂದಾಗ ಪ್ರಧಾನಿ ಪಟ್ಟವೇ ಸಿಕ್ಕಿತು ಅಂದುಕೊಂಡು ರೈಲು ಹತ್ತಿದ. ಹೋಗಿ ನೋಡಿದರೆ ಪಟ್ಟ ಬಾಲ್ಡ್ವಿನ್‌ಗೆ. ಕರ್ಜನ್ ಜನ ಆರಿಸಿದವನಲ್ಲ, ಲಾರ್ಡ್ಸ್ ಸಭೆಯವನು ಅನ್ನುವುದೇ ಒಂದು ದೊಡ್ಡ ಅಡ್ಡಿ. ಇಷ್ಟು ದಿನ ಮೇಲೆತ್ತಿದ ಮನೆತನವೇ ಅವತ್ತು ಕಾಲಿಗೆ ತೊಡರಿಕೊಂಡಿತು.

ಮನೆಗೆ ಅಂಟಿಕೊಂಡ ಹಾಗೆ ಹಳೆಯ ಚರ್ಚ್ ಇದೆ. "ಚರ್ಚ್ ಐತಿ, ಊರೆಲ್ಲಿ?" ಅಂದರು ಮಾಮಾ. ಈ ಮನೆ ಕಟ್ಟುವಾಗ ಊರನ್ನೇ ಎತ್ತಿ ಆಚೆ ಹಾಕಿದರು, ದೇವರನ್ನು ಮಾತ್ರ ಉಳಿಸಿಕೊಂಡರು.

ಮೇರಿ 1906ರಲ್ಲಿ ತೀರಿಕೊಂಡಾಗ ಆಕೆಗೆ 36. ಆಕೆಗಾಗಿ ಕರ್ಜನ್ ಈ ಚರ್ಚಿಗೆ ಒಂದು ಕೋಣೆ ಸೇರಿಸಿದ. ಒಳಗೆ ಬಿಳಿ ಅಮೃತಶಿಲೆಯಲ್ಲಿ ಇಬ್ಬರೂ ಪಕ್ಕಪಕ್ಕ ಮಲಗಿದ್ದಾರೆ, ದೇವದೂತರು ಮೇಲೆ ಬಗ್ಗಿದ್ದಾರೆ. ಅಕ್ಕ ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದಳು.

"ಇಬ್ಬರೂ ಕೂಡೇ ಸತ್ತರೇನೋ?"

ಇಲ್ಲ ಅಂದೆ. ಇದನ್ನು ಮಾಡಿಸಿದಾಗ ಅವನಿನ್ನೂ ಬದುಕಿದ್ದ. ಆಮೇಲೆ ಇನ್ನೊಂದು ಮದುವೆಯೂ ಆದ. ಸತ್ತದ್ದು 1925ರಲ್ಲಿ. ಅಲ್ಲಿಯವರೆಗೆ ಬೇಕೆಂದಾಗ ಬಂದು ತನ್ನ ಗೋರಿ ತಾನೇ ನೋಡಬಹುದಿತ್ತು.

"ನಮ್ಮ ಮಹಮ್ಮದ್ ಆದಿಲ್‌ಶಾಹನೂ ಹಂಗ ಅಲ್ಲೇನು? ಇದ್ದಾಗಲೇ ಗೋಳಗುಮ್ಮಟ ಶುರು ಮಾಡಿಸಿದ್ದ" ಅಂದಳು ಅಕ್ಕ.

ಹೊರಗೆ ಬಂದಾಗ ಮಳೆ ಹಿಡಿದಿತ್ತು. ಹುಲ್ಲಿನ ಮೇಲೆ ಕೂತು ಊಟ ಮಾಡುವ ಆಸೆ ಬಿಟ್ಟು ಕಾರಿನಲ್ಲೇ ರೊಟ್ಟಿ ಬಿಚ್ಚಿದೆವು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಕಂಬಗಳು ಕಲಸಿದ ಹಾಗೆ ಕಾಣುತ್ತಿದ್ದವು. ಮಾಮಾ ಇನ್ನೊಂದು ರೊಟ್ಟಿ ಕೇಳಿದರು.