ಊರಿನ ಸಾಂಸ್ಕೃತಿಕ ಭವನದ ನಕ್ಷೆ: ಮೂರನೆಯ ತಿಂಗಳ ಟಿಪ್ಪಣಿ

ಮೂಡಿಗೆರೆ ತಾಲ್ಲೂಕಿನ ನಮ್ಮ ಊರಿಗಾಗಿ ಬಿಡುವಿನ ವೇಳೆಯಲ್ಲಿ ರಚಿಸುತ್ತಿರುವ ಸಾಂಸ್ಕೃತಿಕ ಭವನದ ನಕ್ಷೆಯನ್ನು ಈ ತಿಂಗಳು ಎರಡು ಸಲ ಅಳಿಸಿ ಬರೆಯಬೇಕಾಯಿತು. ಯಕ್ಷಗಾನ, ಸುಗ್ಗಿ ಕುಣಿತ, ಮದುವೆ, ಶಾಲೆಯ ವಾರ್ಷಿಕೋತ್ಸವ, ಬೆಳೆಗಾರರ ಸಭೆ, ಇಷ್ಟಕ್ಕೂ ಒಂದೇ ಕಟ್ಟಡ ಒದಗಬೇಕೆಂಬುದು ಊರವರ ಬೇಡಿಕೆ. ಮೊದಲ ನಕ್ಷೆಯಲ್ಲಿ ಪಶ್ಚಿಮದ ತುದಿಗೆ ನಾಲ್ಕಡಿ ಎತ್ತರದ ವೇದಿಕೆ, ಎದುರಿಗೆ ಉದ್ದನೆಯ ಸಭಾಂಗಣ, ಪಕ್ಕದಲ್ಲಿ ಊಟದ ಮನೆ ಇದ್ದವು. ಹಾಗೆ ಬರೆದದ್ದು ಅಚ್ಚುಕಟ್ಟಾದ ಕಲ್ಯಾಣ ಮಂಟಪವಾಯಿತೇ ಹೊರತು, ಮೂರು ಕಡೆಯಿಂದ ಜನ ಕೂತು ನೋಡಬೇಕಾದ ಯಕ್ಷಗಾನಕ್ಕೂ, ಅಂಗಳದಲ್ಲಿ ಸುತ್ತುಗಟ್ಟಿ ಕುಣಿಯುವವರಿಗೂ ಅದರಲ್ಲಿ ಜಾಗವಿರಲಿಲ್ಲ.

ಬೇರೆ ದಾರಿ ಹೊಳೆದದ್ದು ತರೀಕೆರೆಯ ಬಳಿಯ ಅಮೃತಾಪುರದಲ್ಲಿ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮುಖಮಂಟಪವು ಪೂರ್ತಿ ತೆರೆದದ್ದು. ಅಂಚಿನ ಗಿಡ್ಡಗೋಡೆಯ ಹೊರಮೈಯಲ್ಲಿ ರಾಮಾಯಣ, ಮಹಾಭಾರತದ ಶಿಲ್ಪಫಲಕಗಳಿದ್ದರೆ, ಒಳಬದಿಯಲ್ಲಿ ಅದೇ ಗೋಡೆಗೆ ಒರಗಿ ಕೂರಲು ಕಲ್ಲಿನ ಜಗಲಿಯಿದೆ. ನಡುವಿನ ನೆಲ ಏನು ಬೇಕಾದರೂ ಆಗಬಹುದು. 1117ರ ಬೇಲೂರಿನ ಚೆನ್ನಕೇಶವ ದೇವಾಲಯದ ಮಂಟಪವೂ ಮೊದಲು ತೆರೆದೇ ಇತ್ತು, ಜಾಲಂಧ್ರಗಳು (ತೂತುಗಳ ಕಲ್ಲಿನ ಜಾಲರಿಗಳು) ಸೇರಿದ್ದು ಆಮೇಲೆ. ಆದ್ದರಿಂದ ಎರಡನೆಯ ನಕ್ಷೆಯಲ್ಲಿ 18 ಮೀಟರ್ ಉದ್ದ, 12 ಮೀಟರ್ ಅಗಲದ ಸಮತಟ್ಟು ನೆಲ, ಪೂರ್ವ ಮತ್ತು ಉತ್ತರಕ್ಕೆ ಮಡಚಿಡಬಹುದಾದ ಮರದ ಬಾಗಿಲುಗಳು, ಅವುಗಳ ಹೊರಗೆ ಜಗಲಿ, ಅದರಾಚೆ ಅಂಗಳ ಎಂದು ಬರೆದೆ. ಮುಂಗಾರಿನ ಎರಚಲು ಬರುವುದು ನೈಋತ್ಯದಿಂದಾದ್ದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಮುಚ್ಚಿಯೇ ಇರುತ್ತವೆ. ಅಡುಗೆಮನೆ ಆಗ್ನೇಯದ ಮೂಲೆಗೆ ಬಂತು. ವಾಸ್ತು ಕೇಳುವವರ ಬಾಯಿಯೂ ಅದರಿಂದ ಮುಚ್ಚಿತು.

ಈ ಬಾಗಿಲುಗಳಿಂದ ನಾನು ಎಣಿಸದಿದ್ದ ಇನ್ನೊಂದು ಉಪಕಾರವೂ ಆಯಿತು. ಸಭಾಂಗಣದ ಸರಾಸರಿ ಎತ್ತರ 6 ಮೀಟರ್ ಎಂದಿಟ್ಟುಕೊಂಡರೆ ಒಳಗಿನ ಗಾತ್ರ ಸುಮಾರು 1,300 ಘನ ಮೀಟರ್. ಸಬೀನ್ ಸೂತ್ರದಂತೆ ಈ ಗಾತ್ರವನ್ನು 0.161ರಿಂದ ಗುಣಿಸಿ, ಒಳಮೈಗಳು ಹೀರುವ ಒಟ್ಟು ಶಬ್ದದಿಂದ ಭಾಗಿಸಿದರೆ ದನಿ ಅಡಗಲು ಎಷ್ಟು ಸೆಕೆಂಡು ಬೇಕೆಂಬುದು ಸಿಗುತ್ತದೆ. ಗಾರೆಯ ಗೋಡೆ, ರೆಡ್ ಆಕ್ಸೈಡ್ ನೆಲ, ಹಲಗೆಯ ಒಳಮಾಡು ಇವೆಲ್ಲ ಸೇರಿ ಹೀರುವುದು ಅತ್ಯಲ್ಪವಾದ್ದರಿಂದ ಖಾಲಿ ಸಭಾಂಗಣಕ್ಕೆ ನನ್ನ ಲೆಕ್ಕದಲ್ಲಿ ಐದೂವರೆ ಸೆಕೆಂಡು ಬಂತು. ಚೆಂಡೆಯ ಒಂದು ಪೆಟ್ಟು ಅಷ್ಟು ಹೊತ್ತು ಗುಂಯ್‌ಗುಟ್ಟಿದರೆ ಭಾಗವತರ ಪದ ಯಾರಿಗೂ ತಿಳಿಯದು. ಮಾತಿಗೆ ಒಂದು ಸೆಕೆಂಡಿನ ಆಸುಪಾಸು ಇದ್ದರೆ ಹಿತ. ತೆರೆದ ಬಾಗಿಲೆಂದರೆ ಶಬ್ದ ಮರಳದ ಜಾಗ, ಹೀರುವಿಕೆಯ ಲೆಕ್ಕದಲ್ಲಿ ಒಂದು ಚದರ ಮೀಟರಿಗೆ ಪೂರ್ತಿ ಒಂದು ಅಂಕ. 36 ಚದರ ಮೀಟರ್ ಬಾಗಿಲು ತೆರೆದು 250 ಜನರನ್ನು ಕೂರಿಸಿದಾಗ ಲೆಕ್ಕ 1.1 ಸೆಕೆಂಡಿಗೆ ಇಳಿಯಿತು.

ಮಾಡಿನ ವಿಷಯದಲ್ಲಿ ಇಷ್ಟು ಸುಲಭವಾಗಲಿಲ್ಲ. ಮಂಗಳೂರು ಹೆಂಚು ನನಗೆ ಇಷ್ಟ, ಆದರೆ ನಮ್ಮ ಕಡೆ ಮಂಗಗಳು ಹೆಂಚನ್ನು ಉಳಿಸುವುದಿಲ್ಲ. ಅರ್ಧ ಊರು ಆ ಕಾರಣಕ್ಕೇ ಶೀಟಿಗೆ ಹೋಗಿದೆ. ಬರೀ ಶೀಟು ಹೊದಿಸಿದರೆ ಆಷಾಢದ ಮಳೆಯಲ್ಲಿ ಪಕ್ಕದವರ ಮಾತೂ ಕೇಳಿಸದು. ಸದ್ಯಕ್ಕೆ ಮೇಲೆ ಶೀಟು, ನಡುವೆ ಗಾಳಿಯ ತೆರಪು ಮತ್ತು ತೆಂಗಿನ ನಾರಿನ ಚಾಪೆ, ಕೆಳಗೆ ಹಲಗೆ ಎಂದು ತೀರ್ಮಾನಿಸಿದ್ದೇನೆ.

1:50ರ ಅಳತೆಯಲ್ಲಿ ರಟ್ಟು ಮತ್ತು ಬಿದಿರುಕಡ್ಡಿಯಿಂದ 36 ಸೆಂಟಿಮೀಟರ್ ಉದ್ದದ ಮಾದರಿ ಮಾಡಿ, ರಟ್ಟಿಗೆ ಮೇಣ ಸವರಿ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮಳೆ ಸುರಿಸಿ ನೋಡಿದೆ. ಸಭಾಂಗಣದ ಮಾಡೂ ಊಟದ ಮನೆಯ ಮಾಡೂ ಕೂಡುವ ಮೂಲೆಯಲ್ಲಿ ನೀರು ಮಡುಗಟ್ಟಿ, ಎರಡು ನಿಮಿಷದೊಳಗೆ ರಟ್ಟು ಮೆತ್ತಗಾಗಿ ಕುಸಿಯಿತು. ತಪ್ಪು ಪೂರ್ತಿಯಾಗಿ ನನ್ನದು: ಎರಡು ಮಾಡುಗಳ ನೀರನ್ನು ಒಂದೇ ದಂಬೆಗೆ ತಿರುಗಿಸುವ ಯೋಚನೆ ಕಾಗದದ ಮೇಲೆ ಚಂದ ಕಂಡಿತ್ತು. ಊಟದ ಮನೆಯನ್ನು ಮೂರು ಮೀಟರ್ ಆಚೆ ಸರಿಸಿ, ನಡುವೆ ಬೇರೆಯಾದ ಕಿರುಮಾಡಿನ ಹಾದಿಯೊಂದನ್ನು ಬರೆದಿದ್ದೇನೆ. ಆ ಹಾದಿಗೆ ಮೆಟ್ಟಿಲಿಲ್ಲ. 1:12ರ ಇಳಿಜಾರಿನಲ್ಲಿ ಗಾಲಿಕುರ್ಚಿಯೂ ಹೋಗಬಹುದು, ಅನ್ನದ ಕೊಪ್ಪರಿಗೆಯ ಗಾಡಿಯೂ ಹೋಗಬಹುದು.

ಮಾದರಿಯನ್ನು ನೋಡಲು ಬಂದ ಹಿರಿಯರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿ, "ಎಲ್ಲ ಸರಿ ಮಾರಾಯ, ಸ್ಟೇಜ್ ಎಲ್ಲಿ?" ಎಂದು ಕೇಳಿದರು. ಜೋಡಿಸಿ ಬಿಚ್ಚಬಹುದಾದ ಮರದ ಹಲಗೆಗಳನ್ನು ತೋರಿಸಿದೆ. ಅವರ ಮುಖ ಸಡಿಲಾಗಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿದೆ. 45 ಸೆಂಟಿಮೀಟರ್ ಎತ್ತರದ ಹಲಗೆ ಚಾಪೆಯ ಮೇಲೆ ಕೂತವರಿಗೆ ಸಾಕು, ಕುರ್ಚಿ ಹಾಕಿದ ದಿನ ಹಿಂದಿನ ಸಾಲಿಗೆ ಮದುಮಕ್ಕಳ ತಲೆಯಷ್ಟೇ ಕಂಡೀತು. ಎರಡು ಎತ್ತರಕ್ಕೆ ಹೊಂದುವ ಕಾಲುಗಳನ್ನು ಬಡಗಿಯ ಹತ್ತಿರ ಒಂದು ಜೊತೆ ಮಾಡಿಸಲು ಹೇಳಿದ್ದೇನೆ. ಅದು ಅಲುಗಾಡದೆ ನಿಂತರೆ ನಕ್ಷೆ ಸ್ಟ್ರಕ್ಚರಲ್ ಎಂಜಿನಿಯರರ ಬಳಿಗೆ ಹೋಗುತ್ತದೆ.